ಮುಗಿಯದ ವಾದ್ಯ

ವೀಣೆಯ ದಂಡಿಗೆಗೆ ಮೇಣವನ್ನು ಮೆತ್ತಿ, 24 ಮೆಟ್ಟಿಲುಗಳನ್ನು ಕಿವಿಯ ಸಾಕ್ಷಿಯಿಂದ ಕೂರಿಸಿದನೆಂದರೆ ಮಾಡಿದವನ ಕೆಲಸ ತೀರಿತು. ಇಪ್ಪತ್ತೈದನೆಯದೊಂದು ಬೇಕಾಗಿತ್ತೆಂದು ಯಾವ ವೈಣಿಕನೂ ಅವನಿಗೆ ಕಾಗದ ಬರೆದುದನ್ನು ನಾನು ಕೇಳಿಲ್ಲ. ಇನ್ನು ಮುಂದಿನದೆಲ್ಲ ಬೆರಳಿನ ಪಾಡು ಎಂಬುದು ಇಬ್ಬರಿಗೂ ಒಪ್ಪಿದ ಮಾತು.

ಈಗಿನ ಸೀಕ್ವೆನ್ಸರುಗಳ ವಿಷಯ ಹಾಗಲ್ಲ. ಸ್ವರಗಳ ಸಾಲನ್ನು ನೆನಪಿನಲ್ಲಿರಿಸಿಕೊಂಡು ಕಾಲ ತಪ್ಪದೆ ನುಡಿಸುವ ಈ ಪೆಟ್ಟಿಗೆಯ ಬುದ್ಧಿಯೆಲ್ಲ ಒಳಗಿನ ಬರೆಹದಲ್ಲಿದೆ. ಮನೆಗೆ ತಂದ ಮೇಲೂ ಅದನ್ನು ತಿದ್ದಬಹುದು. ತಿದ್ದಬಹುದೆಂದು ತಿಳಿದೊಡನೆ ಬೇಡಿಕೆ ಹುಟ್ಟುತ್ತದೆ: ಇನ್ನಷ್ಟು ಸಾಲು ಬೇಕು, ಇನ್ನೊಂದು ಬಗೆಯ ನಡೆ ಬೇಕು, ಮಾಡಿದ್ದನ್ನು ಅಳಿಸುವ ಸುಲಭೋಪಾಯ ಬೇಕು. ಹಣ ತೆತ್ತು ಕೊಂಡ ವಸ್ತುವು ತಾನಿದ್ದುದಕ್ಕಿಂತ ಹೆಚ್ಚಾಗಲೆಂದು ಕೇಳುವ ಹಕ್ಕು ನಮಗುಂಟೆ?

ಆಸೆಗೆ ಮೇರೆಯಿಲ್ಲ, ಇದ್ದುದರಲ್ಲಿ ತೃಪ್ತರಾಗಿರಿ ಎಂಬ ಉತ್ತರವು ಸಿದ್ಧವಾಗಿಯೇ ಇದೆ. ನನಗದು ಅಷ್ಟಾಗಿ ರುಚಿಸದು. ತೃಪ್ತಿಯನ್ನು ಬೋಧಿಸುವವರು ಬಹುಶಃ ಬೇರೆಯವರ ತೃಪ್ತಿಯನ್ನೇ ಬೋಧಿಸುತ್ತಾರೆ. ನ್ಯೂಜಿಲೆಂಡಿನಲ್ಲಿ ತಯಾರಾಗುವ ಡೆಲ್ಯೂಜ್ ಎಂಬ ಯಂತ್ರವನ್ನು ನೋಡಿರಿ. 144 ಬಣ್ಣದ ಗುಂಡಿಗಳು ಹೊಳೆಯುವ ಆ ಯಂತ್ರದ ಮೊದಲ ಮಾದರಿಯಲ್ಲಿ ಮಾತು ತೋರಿಸುವ ಕಿಂಡಿಯು ನಾಲ್ಕು ಅಕ್ಷರಗಳಷ್ಟೇ ಅಗಲ. ಕಣ್ಣು ಮಂದವಾದವನೊಬ್ಬನು ಇದು ನನಗೆ ಓದಲು ಬರುವಂತಿರಲಿ ಎಂದರೆ ಅವನನ್ನು ಲೋಭಿಯೆನ್ನಲಾದೀತೆ? ಮುಂದಿನ ಯಂತ್ರಗಳಿಗೆ ಅಗಲವಾದ ಕಿಂಡಿ ಬಂದಿತು. ಬಂದುದು ಒಳ್ಳೆಯದೇ ಆಯಿತು.

ಆದರೆ ಬೇಡಿಕೆಯು ಬೇಡುವವನೊಬ್ಬನದೇ ಆಗಿ ಉಳಿಯುವುದಿಲ್ಲ. ಗುಂಡಿಗಳ ಸಂಖ್ಯೆ ಅಷ್ಟೇ. ಹೊಸ ಕೆಲಸವೊಂದು ಬಂದರೆ ಹಳೆಯ ಗುಂಡಿಯೊಂದರ ಬೆನ್ನಿನಲ್ಲಿ ಅದು ಅಡಗಿ ಕೂರಬೇಕು. ವರ್ಷಗಟ್ಟಲೆ ಸಾಧಿಸಿ ಕಣ್ಣುಮುಚ್ಚಿ ನುಡಿಸುತ್ತಿದ್ದವನ ಬೆರಳು ಆಗ ಎಡವುತ್ತದೆ. ನನ್ನ ಅನುಕೂಲವು ಮತ್ತೊಬ್ಬನ ಅಭ್ಯಾಸವನ್ನು ಕೆಡಿಸಿತು. ಅವನೇನೂ ಕೇಳಿರಲಿಲ್ಲ.

ಇನ್ನೊಂದು ಶಂಕೆ. ಜಪಾನಿನ ರೋಲೆಂಡ್ ಸಂಸ್ಥೆಯವರು 1981ರಲ್ಲಿ ಟಿಬಿ-303 ಎಂಬ ಯಂತ್ರವನ್ನು ಹೊರತಂದರು. ಗಿಟಾರು ನುಡಿಸುವವರಿಗೆ ಮಂದ್ರಸ್ವರದ ಜೊತೆ ಕೊಡಬೇಕೆಂಬುದು ಅದರ ಉದ್ದೇಶ. ಸ್ವರವನ್ನು ಒಮ್ಮೆ, ಕಾಲವನ್ನು ಮತ್ತೊಮ್ಮೆ ಬೇರೆಬೇರೆಯಾಗಿ ತುಂಬಬೇಕಾದ ಆ ಪೆಟ್ಟಿಗೆ ಯಾರಿಗೂ ಒಗ್ಗಲಿಲ್ಲ. 1984ರಲ್ಲಿ ತಯಾರಿಕೆಯೇ ನಿಂತಿತು. ಅಗ್ಗಕ್ಕೆ ಬಿಕರಿಯಾದ ಅಂತಹ ಯಂತ್ರವೊಂದರ ತಿರುಪುಗಳನ್ನು ಶಿಕಾಗೋ ನಗರದ ಫ್ಯೂಚರ್ ಎಂಬ ತಂಡದ ತರುಣರು ಮನಬಂದಂತೆ ತಿರುವಿ ನುಡಿಸಿದರು. ಅವರ ಧ್ವನಿಮುದ್ರಿಕೆ 1987ರಲ್ಲಿ ಹೊರಬಂದು, ಆಸಿಡ್ ಹೌಸ್ ಎಂಬ ಹೊಸ ಸಂಗೀತಕ್ಕೆ ದಾರಿಯಾಯಿತು. ಕೊಂಡವರ ದೂರುಗಳನ್ನೆಲ್ಲ ಕೇಳಿ ಆ ಯಂತ್ರವನ್ನು ಸಾಧುವಾಗಿಸಿದ್ದರೆ? ಹೇಳಬರುವುದಿಲ್ಲ. ಏನು ಬೇಕೆಂದು ಬಲ್ಲವನು ಕೇಳಬಹುದು. ಆ ತರುಣರಿಗೆ ದೊರೆತುದನ್ನು ಕೇಳಲು ಅದಕ್ಕೆ ಆಗ ಹೆಸರೇ ಇರಲಿಲ್ಲ.

ಡೆಲ್ಯೂಜಿನವರು 2023ರಲ್ಲಿ ಒಂದು ವಿಶೇಷವನ್ನು ಮಾಡಿದರು. ಯಂತ್ರದೊಳಗಿನ ಬರೆಹವನ್ನೇ ಬಹಿರಂಗಪಡಿಸಿದರು. ಬೇಡುತ್ತಿದ್ದವರಲ್ಲಿ ಬಲ್ಲವರು ತಾವೇ ತಿದ್ದತೊಡಗಿದರು. ದಾನಿ ಯಾಚಕರ ಭೇದವು ಹೀಗೆ ಅಳಿಸಿತೆಂದು ಹಿಗ್ಗಬಹುದು. ಆದರೆ ಬರೆಹ ಬಾರದವನು ಯಾಚಕನಾಗಿಯೇ ಉಳಿದ, ಬಾಗಿಲು ಮಾತ್ರ ಬದಲಾಯಿತು. ಒಂದು ಲಾಭ ಮಾತ್ರ ನಿಶ್ಚಯ: ಒಂದು ಸಣ್ಣ ಕೋರಿಕೆಗೆ ಎಷ್ಟು ರಾತ್ರಿಗಳ ದುಡಿಮೆ ಬೇಕೆಂಬುದು ಕೇಳುವವರಲ್ಲಿ ಕೆಲವರಿಗಾದರೂ ತಿಳಿಯಿತು.

ನಾನೂ ಒಂದು ಕೋರಿಕೆಯನ್ನು ಬರೆದಿಟ್ಟಿದ್ದೆ. ನಾಲ್ಕನೇ ಎಣಿಸುವ ಈ ಯಂತ್ರಕ್ಕೆ ಮಿಶ್ರಛಾಪುವಿನ ಏಳನ್ನು ಕಲಿಸಿರಿ ಎಂಬುದು ಅದರ ಮೊದಲನೆಯ ವಾಕ್ಯ. ಕಳಿಸುವ ಮುನ್ನ ಕೈಪಿಡಿಯನ್ನು ತೆರೆದರೆ, ಸಾಲಿನ ಉದ್ದವನ್ನು 14 ಮನೆಗಳಿಗೆ ಮೊಟಕಿಸುವ ಉಪಾಯ ಮೊದಲಿನಿಂದಲೂ ಅಲ್ಲಿದ್ದಿತು, ನಾನು ಓದಿರಲಿಲ್ಲ. ಆ ವಾಕ್ಯವನ್ನು ಹೊಡೆದುಹಾಕಿದೆ. ಎರಡನೆಯದು ಗಮಕದ ಮಾತು. ಮನೆಯಿಂದ ಮನೆಗೆ ನೆಗೆಯುವ ಯಂತ್ರವನ್ನು ಎರಡು ಮನೆಗಳ ನಡುವೆ ತೂಗಾಡೆಂದು ಹೇಗೆ ಕೇಳುವುದು, ಕೇಳಬೇಕಾದುದು ಯಂತ್ರವನ್ನೋ ನನ್ನ ಬೆರಳನ್ನೋ ತಿಳಿಯದೆ, ಕಾಗದವು ಹಾಗೆಯೇ ಮೇಜಿನ ಮೇಲಿದೆ.