ವಾದ್ಯದ ಮುಖವೂ ಅದರ ಚಿತ್ರವೂ

ಉಪಯೋಗದ ವಸ್ತುವಿಗೆ ಅಲಂಕಾರವೇಕೆ ಎಂಬ ಪ್ರಶ್ನೆ ಹಳೆಯದು. ಬಿಂದಿಗೆಯ ಕೊರಳಿಗೆ ಬಳ್ಳಿಯನ್ನು ಕೆತ್ತಿದರೆ ಅದು ಹಿಡಿಯುವ ನೀರು ಹೆಚ್ಚದು, ಕುಂದದು. ಅಲ್ಲಿ ಈ ಪ್ರಶ್ನೆ ಯಾರನ್ನೂ ಬಾಧಿಸದು. ಚರ್ಮವಾದ್ಯದ ಸಂಗತಿ ಹಾಗಲ್ಲ. ಅದರ ಮುಖವೇ ಅದರ ಬಾಯಿ. ಅಲ್ಲಿ ಬಳಿದ ಬಣ್ಣಕ್ಕೂ ತೂಕವುಂಟು; ತೂಕವೇರಿದರೆ ಚರ್ಮದ ಕಂಪನವು ಬೇರೆಯಾಗುವುದು. ಆದುದರಿಂದಲೇ ಪಾಶ್ಚಾತ್ಯ ವಾದ್ಯವೃಂದದವರು ತಮ್ಮ ದೊಡ್ಡ ಡ್ರಮ್ಮಿನ ಮೇಲೆ ಹೆಸರನ್ನೋ ಲಾಂಛನವನ್ನೋ ಬರೆಯಿಸುವಾಗ, ಪೆಟ್ಟು ಬೀಳುವ ಮುಖವನ್ನು ಬಿಟ್ಟು ಸಭೆಯ ಕಡೆಗಿರುವ ಮುಖವನ್ನು ಆರಿಸುವುದು ವಾಡಿಕೆ.

ಮೃದಂಗದಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರವಿದೆ. ಬಲಮುಖದ ನಡುವಣ ಕರಣೆಯು ನೋಡುವವನಿಗೆ ಕಪ್ಪು ತಿಲಕದಂತೆ ತೋರುವುದು. ಆದರೆ ಕಲ್ಲಿನ ಪುಡಿಯನ್ನೂ ಅನ್ನವನ್ನೂ ಕಲಸಿ, ಪದರದ ಮೇಲೆ ಪದರವಾಗಿ ಹಚ್ಚಿ ಉಜ್ಜಿದ ಆ ಲೇಪವು ಬರಿಯ ಶೃಂಗಾರವಲ್ಲ. ಬರಿಯ ಚರ್ಮದ ಉಪಸ್ವರಗಳು ಮೂಲಸ್ವರದೊಡನೆ ಹೊಂದವು. ಕರಣೆಯ ಭಾರದಿಂದ ಅವು ಹೊಂದುವುವೆಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿ ಪ್ರಕಟಪಡಿಸಿದರು. ತೊಡಿಗೆಯೆಂದು ಕಂಡದ್ದೇ ಇಲ್ಲಿ ನಾದಕ್ಕೆ ಕಾರಣವು.

ಚಿತ್ರವೂ ನಾದವೂ ಹೀಗೆಯೇ ಒಂದಾಗಿದ್ದ ವಾದ್ಯವು ಯೂರೋಪಿನ ಉತ್ತರದ ತುದಿಯ ಸಾಮಿ ಜನರಲ್ಲಿತ್ತು. ಅವರು ಹಿಮಸಾರಂಗದ ಚರ್ಮದ ಮೇಲೆ ಆಲ್ಡರ್ ಮರದ ತೊಗಟೆಯ ಕೆಂಪು ರಸದಿಂದ ಸೂರ್ಯನನ್ನೂ ದೇವತೆಗಳನ್ನೂ ಮೃಗಗಳನ್ನೂ ಬರೆಯುತ್ತಿದ್ದರು. ಡೋಲನ್ನು ಬಾರಿಸಿದಂತೆಲ್ಲ ಮೇಲಿರಿಸಿದ ಬಿಲ್ಲೆಯು ನಡುಗುತ್ತ ಚಿತ್ರದಿಂದ ಚಿತ್ರಕ್ಕೆ ಸರಿಯುವುದು. ಅದು ನಿಂತೆಡೆಯನ್ನು ನೋಡಿ ಮುಂದಿನ ಶುಭಾಶುಭಗಳನ್ನು ತಿಳಿಯುತ್ತಿದ್ದರು. ಬಾರಿಸದಿದ್ದರೆ ಆ ಚಿತ್ರವು ಏನನ್ನೂ ನುಡಿಯದು.

1691ರಲ್ಲಿ ಆಂಡರ್ಸ್ ಪೋಲ್ಸನ್ ಎಂಬ ಸಾಮಿ ವೃದ್ಧನಿಂದ ಇಂತಹ ಡೋಲನ್ನು ಅಧಿಕಾರಿಗಳು ಕಿತ್ತುಕೊಂಡರು. ಮರುವರ್ಷ ನಾರ್ವೆಯ ವಾಡ್ಸೊ ಊರಿನಲ್ಲಿ ಮಾಟದ ಆಪಾದನೆಯ ವಿಚಾರಣೆ ನಡೆಯಿತು. ಅವನು ನ್ಯಾಯಸ್ಥಾನದಲ್ಲಿ ಒಂದೊಂದು ಚಿತ್ರದ ಅರ್ಥವನ್ನೂ ವಿವರಿಸಿದನು. ತೀರ್ಪಿಗೆ ಮೊದಲೇ ಬುದ್ಧಿಭ್ರಮಣೆಯಾದವನೊಬ್ಬನು ಅವನನ್ನು ಕೊಂದನು. ಡೋಲು ಡೆನ್ಮಾರ್ಕಿನ ಅರಸರ ಸಂಗ್ರಹವನ್ನು ಸೇರಿತು. 1979ರಲ್ಲಿ ಅದು ಎರವಲಾಗಿ ಕರಾಶೋಕಿನ ಸಾಮಿ ವಸ್ತುಸಂಗ್ರಹಾಲಯಕ್ಕೆ ಬಂದು, 2022ರಲ್ಲಿ ಸಾಮಿ ಜನರ ಸ್ವತ್ತಾಯಿತು.

ವಿಚಾರಣೆ ಮಾಡಿದವರಿಗೆ ಆ ಚಿತ್ರವು ಅಪರಾಧದ ಸಾಕ್ಷ್ಯವಾಯಿತು. ಸಂಗ್ರಹಿಸಿದವರಿಗೆ ಅಪೂರ್ವ ವಸ್ತುವಾಯಿತು. ಒಬ್ಬರದು ದ್ವೇಷ, ಇನ್ನೊಬ್ಬರದು ಕುತೂಹಲ. ಆದರೂ ವಾದ್ಯಕ್ಕಾದ ಗತಿ ಒಂದೇ. ಇಬ್ಬರೂ ಅದನ್ನು ನೋಡಿದರು, ಯಾರೂ ಕೇಳಲಿಲ್ಲ. ಸಂಗ್ರಹಿಸದಿದ್ದರೆ ಅದು ಉಳಿಯುತ್ತಿರಲಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಆ ಮಾತು ನಿಜವೇ ಇರಬಹುದು. ಸುಟ್ಟುಹೋದ ಡೋಲುಗಳೂ ಉಂಟು. ಆದರೆ ಉಳಿಸಿದ ಉಪಕಾರದಿಂದ ಕಿತ್ತುಕೊಂಡ ಅನ್ಯಾಯವು ನ್ಯಾಯವಾಗದು. ವಸ್ತುವು ಉಳಿಯಿತು; ಅದನ್ನು ಬಾರಿಸಿ ಅರ್ಥ ಹೇಳಬಲ್ಲವನು ಉಳಿಯಲಿಲ್ಲ.

ಹಾಗೆಂದು ವಾದ್ಯದ ಮುಖಕ್ಕೆ ಚಿತ್ರವೇ ಸಲ್ಲದೆಂದಲ್ಲ. ನಾದಕ್ಕೆ ನೆರವಾಗುವ ಅಲಂಕಾರವು ಉತ್ತಮವು. ನಾದಕ್ಕೆ ಅಡ್ಡಬಾರದೆ ತನ್ನ ಎಡೆಯಲ್ಲಿರುವುದು ಮಧ್ಯಮವು. ಕಣ್ಣಿನ ಸುಖಕ್ಕಾಗಿ ಬಾಯಿಯನ್ನು ಕಟ್ಟುವುದು ಅಧಮವು. ಡೋಲಿಗೆ ಬಣ್ಣ ಹಚ್ಚುವವನು ಮೊದಲು ಅದನ್ನು ಬಾರಿಸಿ ಕೇಳಬೇಕು. ಇನ್ನೊಂದು ಜನದ ಚಿತ್ರವನ್ನು ಮೆಚ್ಚುವವನಿಗೂ ಇದೇ ಧರ್ಮವು.