ಸೂರು ಬಿಚ್ಚಬೇಕಾಗಿ ಬಂದದ್ದೇಕೆ?



ಕಫೆರ್ನವುಮಿನ ಆ ಮನೆಯ ಪ್ರಸಂಗ ನಮಗೆಲ್ಲ ಗೊತ್ತು. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು. ಒಳಗೆ ಹೋಗಲಾಗದೆ ಮಾಳಿಗೆ ಹತ್ತಿ, ಸೂರು ಬಿಚ್ಚಿ, ಹಾಸಿಗೆಸಮೇತ ಅವನನ್ನು ಯೇಸುವಿನ ಮುಂದೆ ಇಳಿಸಿದರು (ಮಾರ್ಕ 2). ಆ ನಾಲ್ವರ ವಿಶ್ವಾಸದ ಬಗ್ಗೆ ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಬಾಗಿಲಲ್ಲಿ ನಿಂತಿದ್ದವರ ಬಗ್ಗೆ? ಅವರೇನೂ ದುಷ್ಟರಲ್ಲ. ದೇವರ ವಾಕ್ಯ ಕೇಳಲೆಂದೇ ಬಂದವರು. ಆದರೂ ರೋಗಿಗೆ ಒಂದು ಗೇಣು ದಾರಿ ಸಿಗಲಿಲ್ಲ.

ಇಂದು ರೋಗಿಯನ್ನು ಹೊರುವವರು 108ರ ಚಾಲಕ, ಶುಶ್ರೂಷಕ, ಅಗ್ನಿಶಾಮಕ ದಳದವರು, ಪೊಲೀಸ್ ಪೇದೆ. ಬಾಗಿಲಲ್ಲಿ ನಿಂತವರು ನಾವು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 194ಇ ಕಲಮು ಸೇರಿತು. ಆಂಬುಲೆನ್ಸಿಗೋ ಅಗ್ನಿಶಾಮಕ ವಾಹನಕ್ಕೋ ದಾರಿ ಬಿಡದವನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಕರ್ತವ್ಯನಿರತ ಸರಕಾರಿ ನೌಕರನ ಮೇಲೆ ಕೈಮಾಡಿ ಕೆಲಸ ತಡೆದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮಿನಡಿ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದು. ವೈದ್ಯರು, ದಾದಿಯರ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯ 2009ರಲ್ಲೇ ಪ್ರತ್ಯೇಕ ಕಾಯ್ದೆ ತಂದಿತು. ಇಷ್ಟೆಲ್ಲ ಬೇಕಾಯಿತಲ್ಲ ಎಂಬುದೇ ನಾಚಿಕೆ.

"ಗಾಡಿ ತಡವಾಯಿತು, ನಮ್ಮವರ ಜೀವ ಹೋಯಿತು, ಸಿಟ್ಟು ಬರುವುದಿಲ್ಲವೇ ಫಾದರ್?" ಎಂದು ನೀವು ಕೇಳಬಹುದು. ಬರುತ್ತದೆ. ಲಾಜರನ ಸಮಾಧಿಯ ಬಳಿಗೆ ಬರುವ ಮುನ್ನವೇ ಪ್ರಭು ಕೂಡ ಮಾರ್ತಳಿಂದ, ಮರಿಯಳಿಂದ ತಡವಾದದ್ದರ ಅಳಲು ಕೇಳಿಸಿಕೊಂಡರು. ಆ ಅಕ್ಕತಂಗಿಯರು ಮಾತಾಡಿದರು, ಅತ್ತರು, ಕೈ ಎತ್ತಲಿಲ್ಲ. ತಪ್ಪಾಗಿದ್ದರೆ ದೂರು ಕೊಡಿ, ಅದು ನಿಮ್ಮ ಹಕ್ಕು. ಆದರೆ ಚಾಲಕನ ಕೊರಳಪಟ್ಟಿ ಹಿಡಿದು ನಿಂತ ಹತ್ತು ನಿಮಿಷ ಇನ್ನೊಂದು ಮನೆಯ ತಾಯಿ ಬಾಗಿಲಲ್ಲಿ ಕಾಯುತ್ತಿರುತ್ತಾಳೆ.

ಇನ್ನು ಕೆಲವರು ದಾರಿಯನ್ನೇನೋ ಬಿಡುತ್ತಾರೆ, ಆದರೆ ಆಂಬುಲೆನ್ಸಿನ ಬೆನ್ನಿಗೇ ಸ್ಕೂಟರ್ ಹಚ್ಚಿ ಸಿಗ್ನಲ್ ದಾಟುತ್ತಾರೆ. ಹಿಂದೆ ಕೂತ ಮಗು ನೋಡುತ್ತಿರುತ್ತದೆ. ಅಪಘಾತದ ಜಾಗದಲ್ಲಿ ಮೊಬೈಲ್ ಹಿಡಿದು ಸುತ್ತುಗಟ್ಟುವವರ ವಿಷಯ ಹೇಳುವುದೇ ಬೇಡ. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ ಸುಳ್ಳು, ಕೋಪ, ಪೂಜೆ ತಪ್ಪಿಸಿದ್ದು ನೆನಪಾಗುತ್ತವೆ. ಇದು ಯಾರಿಗೂ ನೆನಪಾದಂತಿಲ್ಲ.

ಧರ್ಮಕೇಂದ್ರದ ಹಬ್ಬ ಬರುತ್ತಿದೆ. ತೇರಿನ ದಿನ ದೇವಾಲಯದ ರಸ್ತೆಯ ಎರಡೂ ಬದಿ ಗಾಡಿ ನಿಲ್ಲಿಸುವುದು ನಮ್ಮ ವಾಡಿಕೆ. ಈ ಸಲ ಒಂದು ಬದಿ ಪೂರ್ತಿ ಖಾಲಿ ಇರಲಿ. ಯುವಜನರಲ್ಲಿ ನಾಲ್ವರು ಆ ಬದಿಯನ್ನು ಕಾಯಲು ಮುಂದೆ ಬಂದರೆ ಭಾನುವಾರದ ಪೂಜೆಯ ನಂತರ ನನ್ನನ್ನು ಕಾಣಿರಿ.