ಆಯ್ಕೆಗಾರನ ಧರ್ಮ

ಹದಿನಾರು ಹದಿನೇಳರ ಹುಡುಗನೊಬ್ಬ ದೇಶದ ತಂಡದಲ್ಲಿ ಆಡಲು ತಯಾರಾಗಿದ್ದಾನೆಯೇ ಎಂಬ ಪ್ರಶ್ನೆ ಮೈದಾನದಲ್ಲಿ ಹುಟ್ಟಿದರೂ ಮೈದಾನದಲ್ಲೇ ಮುಗಿಯುವುದಿಲ್ಲ. ಒಬ್ಬ ಮನುಷ್ಯನ ಯೋಗ್ಯತೆಯನ್ನು ಇನ್ನೊಬ್ಬ ಮನುಷ್ಯ ಅಳೆಯುವುದು ಹೇಗೆ, ಆ ಹಕ್ಕು ಅವನಿಗೆ ಎಲ್ಲಿಂದ ಬಂತು, ಅಳತೆ ತಪ್ಪಿದರೆ ಅದರ ಹೊಣೆ ಯಾರ ತಲೆಗೆ? ಇವು ಧರ್ಮದ ಪ್ರಶ್ನೆಗಳು. ವೇದಾಂತ ಇದನ್ನು ಅಧಿಕಾರಿಯ, ಅಂದರೆ ವಿದ್ಯೆಗೆ ಅರ್ಹನಾದವನ, ವಿಚಾರವೆಂದು ಗ್ರಂಥದ ಬಾಗಿಲಲ್ಲೇ ಎತ್ತಿಕೊಳ್ಳುತ್ತದೆ. ಬ್ರಹ್ಮಸೂತ್ರದ ಮೊದಲ ಸೂತ್ರಕ್ಕೆ ಭಾಷ್ಯ ಬರೆಯುವಾಗ ಶಂಕರರು ನಿತ್ಯಾನಿತ್ಯಗಳ ವಿವೇಕ, ಭೋಗದಲ್ಲಿ ವಿರಾಗ, ಶಮದಮಾದಿ ಸಂಪತ್ತು, ಮುಮುಕ್ಷುತ್ವ ಎಂಬ ನಾಲ್ಕು ಅರ್ಹತೆಗಳನ್ನು ಹೇಳುತ್ತಾರೆ. ಈ ನಾಲ್ಕರಲ್ಲಿ ಒಂದನ್ನೂ ಹೊರಗಿನವರು ಒಂದು ದಿನ ನೋಡಿ ಹೇಳಲಾಗದು. ಬಹುಕಾಲ ಜೊತೆಗಿದ್ದು ಕಂಡವರಷ್ಟೇ ಹೇಳಬಹುದು. ನನ್ನ ವಾದವೂ ಇಲ್ಲಿಂದಲೇ ಹೊರಡುತ್ತದೆ. ಸಿದ್ಧತೆ ಎಂಬುದು ಹುಡುಗನೊಳಗೆ ಮೊದಲೇ ಅಡಗಿ ಕುಳಿತ ವಸ್ತುವಲ್ಲ. ಅರ್ಧ ಅವನ ಸಾಧನೆ, ಇನ್ನರ್ಧ ಅವನ ಮೇಲೆ ಬೇರೆಯವರು ಇಟ್ಟ ನಂಬಿಕೆ, ಕೊಟ್ಟ ಕಾಲ. ಆದ್ದರಿಂದ ಆಯ್ಕೆಗಾರನ ಕೆಲಸ ಭವಿಷ್ಯ ನುಡಿಯುವುದಲ್ಲ, ಹೊಣೆ ಹೊರುವುದು.

ಗದುಗಿನವರಿಗೆ ಈ ವಿಚಾರ ಹೊಸದೇನಲ್ಲ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಕನ್ನಡಕ್ಕೆ ತಂದ ಭಾರತದ ಕಥೆ ಯೋಗ್ಯತೆಯ ಪರೀಕ್ಷೆಗಳಿಂದಲೇ ತುಂಬಿದೆ. ಮರದ ಮೇಲಿನ ಕೃತಕ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆಂದು ದ್ರೋಣ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದ. ಆ ಪರೀಕ್ಷೆ ನ್ಯಾಯವಾಗಿತ್ತು. ಅರ್ಜುನ ಗೆದ್ದದ್ದೂ ನ್ಯಾಯವೇ. ಆದರೆ ನಿನಗೆ ಸಮನಾದ ಬಿಲ್ಲುಗಾರ ಇನ್ನೊಬ್ಬನಿರಲಾರ ಎಂದು ಅದೇ ದ್ರೋಣ ಅರ್ಜುನನಿಗೆ ಮಾತು ಕೊಟ್ಟಿದ್ದ. ಹುಟ್ಟಿನ ಕಾರಣಕ್ಕೆ ದ್ರೋಣ ಶಿಷ್ಯನಾಗಿ ಒಪ್ಪದಿದ್ದ ಏಕಲವ್ಯ ಕಾಡಿನಲ್ಲಿ ತಾನೇ ಕಲಿತು ಅರ್ಜುನನನ್ನು ಮೀರಿದ್ದು ಕಂಡಾಗ, ಗುರು ತನ್ನ ತೀರ್ಪನ್ನು ತಿದ್ದಿಕೊಳ್ಳಲಿಲ್ಲ. ಹೆಬ್ಬೆರಳು ಕೇಳಿ ಪಡೆದ. ರಂಗಭೂಮಿಯಲ್ಲಿ ಕರ್ಣ ತನ್ನ ವಿದ್ಯೆ ತೋರಿಸಿ ನಿಂತಾಗ ಕೃಪ ಕೇಳಿದ್ದು ಕುಲವನ್ನು. ಮೂರೂ ಕಡೆ ತೀರ್ಪು ಕೊಟ್ಟವರು ವಿದ್ಯೆ ಬಲ್ಲವರೇ. ಏಕಲವ್ಯನ ಕೈಚಳಕ ದ್ರೋಣನಿಗೆ ಕಾಣದೆ ಹೋಗಲಿಲ್ಲ. ಕಂಡಿತು, ಕಂಡದ್ದನ್ನು ಒಪ್ಪಿಕೊಳ್ಳಲು ಮೊದಲೇ ಕೊಟ್ಟ ಮಾತು ಅಡ್ಡ ಬಂತು. ಆಯ್ಕೆಗಾರ ಎಡವುವುದು ಹೆಚ್ಚಾಗಿ ಇಂಥಲ್ಲೇ.

ಇದಕ್ಕೆ ಎದುರಾಗಿ ಛಾಂದೋಗ್ಯ ಉಪನಿಷತ್ತು ಇನ್ನೊಂದು ಪರೀಕ್ಷೆಯನ್ನು ಇಡುತ್ತದೆ. ಹಾರಿದ್ರುಮತ ಗೌತಮನೂ ಸತ್ಯಕಾಮನಿಗೆ ಗೋತ್ರವನ್ನೇ ಕೇಳುತ್ತಾನೆ. ತನ್ನ ಗೋತ್ರ ಯಾವುದೆಂದು ತಾಯಿ ಜಬಾಲೆಗೇ ಗೊತ್ತಿಲ್ಲವೆಂಬುದನ್ನು ಹುಡುಗ ಮುಚ್ಚಿಡದೆ ಹೇಳುತ್ತಾನೆ. ಸತ್ಯವನ್ನು ಬಿಡದ ಆ ಗುಣ ನೋಡಿ ಗುರು ಅವನನ್ನು ಒಪ್ಪಿಕೊಳ್ಳುತ್ತಾನೆ. ಗೌತಮ ಆ ಮಾತಿನಿಂದ ಹುಡುಗನ ಬ್ರಾಹ್ಮಣ್ಯವನ್ನು ಊಹಿಸಿದ, ಜಾತಿಯ ಕಟ್ಟನ್ನು ಮುರಿಯಲಿಲ್ಲ ಎಂದು ಶಂಕರರ ಭಾಷ್ಯವೇ ಬ್ರಹ್ಮಸೂತ್ರದ ಅಪಶೂದ್ರಾಧಿಕರಣದಲ್ಲಿ ಅರ್ಥ ಮಾಡುತ್ತದೆ. ಹುಟ್ಟಿನ ಹೆಸರಿನಲ್ಲಿ ಶೂದ್ರರಿಗೆ ವೇದವಿದ್ಯೆಯ ಬಾಗಿಲನ್ನೂ ಮುಚ್ಚುತ್ತದೆ. ಆ ಬಾಗಿಲು ಮುಚ್ಚಿದ್ದನ್ನು ನಾನು ಒಪ್ಪಲಾರೆ. ಆದರೆ ಆ ಅರ್ಥವನ್ನೇ ಇಟ್ಟುಕೊಂಡರೂ ಗೌತಮನ ಎದುರಿಗಿದ್ದ ಸಾಕ್ಷ್ಯ ನಡತೆಯೊಂದೇ. ಆಮೇಲೆ ನಡೆದದ್ದು ಇನ್ನೂ ಮುಖ್ಯ. ನಾನೂರು ಬಡಕಲು ಹಸುಗಳನ್ನು ಆರಿಸಿ ಹುಡುಗನ ವಶಕ್ಕೆ ಕೊಟ್ಟ. ಸಾವಿರವಾಗದೆ ಮರಳೆನೆಂದು ಸತ್ಯಕಾಮ ಕಾಡಿಗೆ ಹೋದ. ವರ್ಷಗಳ ಮೇಲೆ ವರ್ಷ ಅಲ್ಲೇ ಕಳೆದ. ಜ್ಞಾನ ಅವನಿಗೆ ಸಿಕ್ಕಿದ್ದು ಆ ಕಾಡಿನಲ್ಲಿ, ಆ ಹಸುಗಳ ನಡುವೆ. ಒಪ್ಪಿಕೊಂಡ ದಿನ ಅವನು ಪೂರ್ತಿ ಸಿದ್ಧನಿರಲಿಲ್ಲ. ಹೊಣೆ ಹೊತ್ತು, ಕಾಲ ಸಿಕ್ಕಿ, ಸಿದ್ಧನಾದ.

ಆಟದ ಲೋಕದ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಗದುಗಿನಲ್ಲಿ 1970ರಲ್ಲಿ ಹುಟ್ಟಿದ ಸುನಿಲ್ ಜೋಶಿ, ಹುಡುಗನಾಗಿದ್ದಾಗ ಬೆಳಗಿನ ಜಾವ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಟೆಸ್ಟ್ ತಂಡಕ್ಕೆ ಕಾಲಿಟ್ಟದ್ದು 1996ರ ಜೂನ್‌ನಲ್ಲಿ, 26ನೇ ವಯಸ್ಸಿನಲ್ಲಿ. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರಿನ ಏಕದಿನ ಪಂದ್ಯದಲ್ಲಿ ಹತ್ತು ಓವರ್ ಎಸೆದು ಆರು ಓವರ್‌ಗಳಲ್ಲಿ ರನ್ನೇ ಕೊಡದೆ, ಒಟ್ಟು ಆರು ರನ್ನಿಗೆ ಐದು ವಿಕೆಟ್ ಪಡೆದರು. 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟಿನಲ್ಲಿ, ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಕಿತ್ತು 92 ರನ್ ಹೊಡೆದು ಪಂದ್ಯಶ್ರೇಷ್ಠರಾದಾಗ ಅವರಿಗೆ ಮೂವತ್ತು ತುಂಬಿತ್ತು. ಹದಿನೇಳರ ಜೋಶಿಯನ್ನು ಒಂದು ಮಧ್ಯಾಹ್ನ ನೋಡಿದ ಯಾವ ಜಾಣನೂ ನೈರೋಬಿಯ ಆ ಹತ್ತು ಓವರ್‌ಗಳನ್ನು ಕಾಣುವಂತಿರಲಿಲ್ಲ. ಮುಂದೆ 2020ರ ಮಾರ್ಚ್‌ನಲ್ಲಿ ಅವರೇ ದೇಶದ ಹಿರಿಯರ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ತೂಗಿಸಿಕೊಂಡವನ ಕೈಗೇ ತಕ್ಕಡಿ ಬಂದ ಉದಾಹರಣೆ ನಮ್ಮ ಊರಿನಲ್ಲೇ ಇದೆ.

ಫುಟ್‌ಬಾಲ್‌ನಲ್ಲಿ ಎಳೆಯರನ್ನು ಅಳೆಯುವ ಈ ಕಷ್ಟ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಸೋಸುತ್ತಾರೆ. ವಯೋಮಿತಿಯನ್ನು ಜನವರಿ ಒಂದಕ್ಕೆ ಗೆರೆ ಎಳೆದು ಲೆಕ್ಕ ಹಾಕಿದಾಗ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪಿಗೆ ಬೀಳುತ್ತಾರೆ. ಹದಿಮೂರರ ಮೈಗೆ ಆ ಹನ್ನೊಂದು ತಿಂಗಳು ಬಹಳ ದೊಡ್ಡದು. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಆಯ್ಕೆಯಾಗುತ್ತಾರೆಂದು ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಫುಟ್‌ಬಾಲ್‌ನಲ್ಲೂ ಮುಂದೆ ಇದೇ ಕಂಡುಬಂತು. ಪ್ರತಿಭೆ ಎಂದು ಬರೆದುಕೊಂಡದ್ದರಲ್ಲಿ ಒಂದು ಪಾಲು ಬರಿಯ ಹುಟ್ಟಿದ ತಿಂಗಳು. ನಮ್ಮಲ್ಲಿ ವಯಸ್ಸಿನ ಮೋಸ ತಡೆಯಲು ಮಣಿಕಟ್ಟಿನ ಎಲುಬಿನ ಎಕ್ಸ್‌ರೇ ತೆಗೆಯುತ್ತಾರೆ. ಬೇಕಾದದ್ದೇ, ಆದರೆ ಎಲುಬು ವಯಸ್ಸನ್ನು ಹೇಳೀತು, ಯೋಗ್ಯತೆಯನ್ನಲ್ಲ. 2017ರ ಅಕ್ಟೋಬರ್ 9ರಂದು ದೆಹಲಿಯಲ್ಲಿ, 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ, ಬೆಂಗಳೂರಿನ ಸಂಜೀವ್ ಸ್ಟಾಲಿನ್ ಹೊಡೆದ ಕಾರ್ನರ್‌ಗೆ ಮಣಿಪುರದ ಜೀಕ್ಸನ್ ಸಿಂಗ್ ತಲೆಯೊಡ್ಡಿ ಕೊಲಂಬಿಯಾದ ಎದುರು ಗೋಲು ಹೊಡೆದ. ಫಿಫಾ ವಿಶ್ವಕಪ್ಪೊಂದರಲ್ಲಿ ಭಾರತದ ಮೊದಲ ಗೋಲು ಅದು. ಆ ಹುಡುಗ ತಂಡಕ್ಕೆ ತಡವಾಗಿ ಬಂದವನು. ಮೊದಲ ಹುಡುಕಾಟದ ಪಟ್ಟಿಯನ್ನೇ ಕೊನೆಯ ಮಾತೆಂದು ಹಿಡಿದಿದ್ದರೆ ಆ ಗೋಲು ಇರುತ್ತಿರಲಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ದೇಶದ ತಂಡ ಗುರುಕುಲವಲ್ಲ. ಅಲ್ಲಿ ಕಲಿಸುತ್ತ ಕೂರಲಾಗದು, ಈ ಹೊತ್ತು ಗೆಲ್ಲಬಲ್ಲವನನ್ನೇ ಕಳಿಸಬೇಕು. ಕರುಣೆಯಿಂದ ಎಳೆಯನನ್ನು ಮೇಲೇರಿಸಿದರೆ ಸೋಲು ತಂಡಕ್ಕೆ, ಗಾಯ ಆ ಹುಡುಗನಿಗೆ. ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕೊನೆಯ ಮೆಟ್ಟಿಲಲ್ಲಿ ಕಟ್ಟುನಿಟ್ಟು ಇರಲೇಬೇಕು. ಕಠೋಪನಿಷತ್ತಿನ ಯಮನೂ ನಚಿಕೇತನಿಗೆ ಸುಮ್ಮನೆ ವಿದ್ಯೆ ಕೊಡಲಿಲ್ಲ. ರಾಜ್ಯ, ಸಂಪತ್ತು, ದೀರ್ಘಾಯುಸ್ಸು ಎಲ್ಲವನ್ನೂ ಮುಂದೊಡ್ಡಿ ಹುಡುಗನ ನಿಲುವನ್ನು ಒರೆಗೆ ಹಚ್ಚಿದ. ಆದರೆ ಯಮ ಪರೀಕ್ಷಿಸಿದ್ದು ಎದುರಿಗೆ ನಿಂತ ಹುಡುಗನ ನಿಶ್ಚಯವನ್ನು, ವಯಸ್ಸನ್ನಲ್ಲ. ಹಾಗೆಯೇ ಇಲ್ಲಿ ನಾನು ಕೇಳುವುದು ಕೊನೆಯ ಮೆಟ್ಟಿಲಿನ ಸಡಿಲಿಕೆಯನ್ನಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿ ಒಬ್ಬ ಹುಡುಗ ಒಮ್ಮೆ ಬಿದ್ದರೆ ಮತ್ತೆ ಹತ್ತಲು ದಾರಿ ಇರಬೇಕು. ಇಂದು ಬೇಡವೆಂದ ತೀರ್ಪಿಗೆ ಕಾರಣ ಹೇಳಬೇಕು, ಅದನ್ನು ಮರುಪರಿಶೀಲಿಸುವ ದಿನವನ್ನೂ ಹೇಳಬೇಕು.

ಇನ್ನೊಂದು ಆಕ್ಷೇಪ ಧರ್ಮದ ಒಳಗಿನಿಂದಲೇ ಬರುತ್ತದೆ: ಹಣೆಯಲ್ಲಿ ಬರೆದದ್ದು ತಪ್ಪದು, ಪುಣ್ಯವಿದ್ದವನು ಹೇಗಾದರೂ ಮೇಲೆ ಬರುತ್ತಾನೆ. ಹುಬ್ಬಳ್ಳಿಗೆ ಹೋಗಿಬಂದು ಆಡಿದ ಜೋಶಿಯನ್ನೇ ಇದಕ್ಕೆ ಸಾಕ್ಷಿ ಹೇಳುವವರುಂಟು. ಆದರೆ ಮೇಲೆ ಬಂದವನ ಕಥೆ ನಮಗೆ ಗೊತ್ತಾಗುವುದು ಅವನು ಮೇಲೆ ಬಂದದ್ದರಿಂದ. ಇಲ್ಲೇ ಹತ್ತಿರದ ನಾಗಾವಿಯಲ್ಲೋ ಡಂಬಳದಲ್ಲೋ ಹೊಲದ ಕೆಲಸಕ್ಕೆ ಕೈ ಬೇಕೆಂದು ಬೆಳಗಿನ ಬಸ್ಸು ಹತ್ತಲಾಗದೆ ಉಳಿದ ಹುಡುಗ, ಚಡ್ಡಿ ಹಾಕಿ ಆಡುವುದು ಬೇಡವೆಂದು ಮನೆಯವರು ತಡೆದ ಹುಡುಗಿ, ಯಾವ ದಾಖಲೆಯಲ್ಲೂ ಇಲ್ಲ. ಅವರ ಪುಣ್ಯ ಕಡಿಮೆಯಿತ್ತೆಂದು ತೀರ್ಮಾನಿಸಲು ನಮಗೆ ಯಾವ ಆಧಾರವೂ ಇಲ್ಲ. ಕರ್ಮಸಿದ್ಧಾಂತ ಮನುಷ್ಯ ತನ್ನ ಬದುಕನ್ನು ತಾನು ಹೊರಲು ಕೊಟ್ಟ ಬಲ. ಇನ್ನೊಬ್ಬರ ಬಾಗಿಲಿಗೆ ಹಾಕಲು ಕೊಟ್ಟ ಬೀಗವಲ್ಲ.

ಈ ಮಾತಿಗೆ ಗದಗದಲ್ಲೇ ದೊಡ್ಡ ಪ್ರಮಾಣವಿದೆ. ಹುಟ್ಟುಗುರುಡ ಹುಡುಗನೊಬ್ಬನ ಹಾಡು ಕೇಳಿ ಹಾನಗಲ್ಲ ಕುಮಾರಸ್ವಾಮಿಗಳು ಅವನ ಕಲಿಕೆಯ ಭಾರ ಹೊತ್ತರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಮತ್ತೊಬ್ಬ ಹುಡುಗನನ್ನು ಅವರು ತಮ್ಮ ಬಳಿ ಸೇರಿಸಿಕೊಂಡರು. ಅವರೇ ಪುಟ್ಟರಾಜ ಗವಾಯಿಗಳು. ಇವರು ನಡೆಸಿದ ವೀರೇಶ್ವರ ಪುಣ್ಯಾಶ್ರಮ, ಲೋಕ ಕೈಲಾಗದವರೆಂದು ಬದಿಗಿಟ್ಟ ಮಕ್ಕಳನ್ನು ಕರೆದು ಕೂರಿಸಿತು. ಅಲ್ಲಿ ಸ್ವರ ತಪ್ಪಿದರೆ ಸರಿಯೆನ್ನುವ ಔದಾರ್ಯವಿರಲಿಲ್ಲ, ಸಾಧನೆ ಕಠಿಣವಾಗಿತ್ತು. ಕಟ್ಟುನಿಟ್ಟೂ ನಂಬಿಕೆಯೂ ಒಂದನ್ನೊಂದು ಕೆಡಿಸುತ್ತವೆ ಎಂಬ ಭಯಕ್ಕೆ ಪುಣ್ಯಾಶ್ರಮದ ಇತಿಹಾಸವೇ ಉತ್ತರ.

ಆದ್ದರಿಂದ ಎಳೆಯರನ್ನು ತೂಗುವ ಹುದ್ದೆಯಲ್ಲಿರುವವರಿಂದ, ಅದು ಫುಟ್‌ಬಾಲ್ ಆಗಲಿ, ಹಾಕಿಯಾಗಲಿ, ಶಾಲೆಯ ತರಗತಿಯಾಗಲಿ, ಮೂರನ್ನು ಕೇಳಲು ಸಮಾಜಕ್ಕೆ ಹಕ್ಕಿದೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಲಿ. ಆಟ ಆರಂಭವಾಗುವ ಮುನ್ನ ಯಾರಿಗೂ ಮಾತು ಕೊಡದಿರಲಿ. ಆರಿಸಿದವನಿಗೆ ಕಲಿಯುವಷ್ಟು ಕಾಲವನ್ನೂ, ಬಿಟ್ಟವನಿಗೆ ಮರಳಿ ಬರುವ ದಾರಿಯನ್ನೂ ಕೊಡಲಿ. ಇಷ್ಟು ಮಾಡಿದ ಮೇಲೂ ತೀರ್ಪು ತಪ್ಪಬಹುದು, ಏಕೆಂದರೆ ಮನುಷ್ಯನೊಳಗಿನ ನಾಳೆಯನ್ನು ಮನುಷ್ಯ ಕಾಣಲಾರ. ಆ ತಪ್ಪನ್ನು ಕ್ಷಮಿಸಬಹುದು. ಕಂಡ ಯೋಗ್ಯತೆಯನ್ನು ಕಾಣದಂತೆ ನಟಿಸಿ ಒಬ್ಬ ಹುಡುಗನ ಹೆಬ್ಬೆರಳು ಕೇಳುವುದು ಮಾತ್ರ ಯಾವ ಧರ್ಮದಲ್ಲೂ ಕ್ಷಮೆಗೆ ತಕ್ಕದ್ದಲ್ಲ.